ಬಾಗಿಲಿಲ್ಲದ ಬುಟ್ಟಿ

ಮದರಾಸಿಗೆ ಹೋಗಿಬರುವ ಕನ್ನಡಿಗರಿಗೆ ಪಲ್ಲಾವರಂ ಒಂದು ಊರಲ್ಲ, ಸ್ಟೇಷನ್ನು. ಬೀಚ್‌ನಿಂದ ತಾಂಬರಂ ಕಡೆಗೆ ಹೊರಟ ಲೋಕಲ್ ಗಾಡಿ ಮೀನಂಬಾಕ್ಕಂ ದಾಟಿ, ವಿಮಾನ ನಿಲ್ದಾಣದ ಎದುರಿನ ತ್ರಿಶೂಲಂನಲ್ಲಿ ಸೂಟ್‌ಕೇಸಿನವರನ್ನೆಲ್ಲ ಇಳಿಸಿ, ಮುಂದಕ್ಕೆ ಉಸಿರೆಳೆದುಕೊಂಡು ನಿಲ್ಲುವ ಜಾಗ ಅದು. ಒಂದು ಕಡೆ ದಂಡುಪ್ರದೇಶ, ಇನ್ನೊಂದು ಕಡೆ ಕಲ್ಲುಗುಡ್ಡ, ನಡುವೆ ಜಿಎಸ್‌ಟಿ ರಸ್ತೆ. ತೆರಿಗೆಗೂ ಆ ಹೆಸರಿಗೂ ಸಂಬಂಧವಿಲ್ಲ, ಅದು ದಕ್ಷಿಣಕ್ಕೆ ಹೋಗುವ ಹಳೆಯ ಗ್ರ್ಯಾಂಡ್ ಸದರ್ನ್ ಟ್ರಂಕ್ ರೋಡು.

ನಮ್ಮ ಚಿಕ್ಕಪ್ಪ ಅಲ್ಲಿ ಮನೆ ಕಟ್ಟಿದ ಕಾಲಕ್ಕೆ ವಿಮಾನದ ಗಲಾಟೆಯಿಂದಾಗಿ ಸೈಟು ಅಗ್ಗಕ್ಕೆ ಸಿಕ್ಕಿತ್ತಂತೆ. ಆ ಮನೆಯ ಮಾತಿಗೆ ಒಂದು ವಿಚಿತ್ರ ಲಯವಿದೆ. ವಿಮಾನ ಬಂದಾಗ ಎಲ್ಲರೂ ಬಾಯಿ ಮುಚ್ಚುತ್ತಾರೆ, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಎತ್ತಿಕೊಳ್ಳುತ್ತಾರೆ. ಚಿಕ್ಕಮ್ಮ ದೂರುವಾಗಲೂ ಹಾಗೇ. "ನಿಮ್ಮ ಅತ್ತಿಗೆ ಮೊನ್ನೆ ಫೋನ್ ಮಾಡಿ" ಎಂದು ಕೈಯಲ್ಲಿ ಸೌಟು ಹಿಡಿದು ನಿಂತುಬಿಡುತ್ತಾರೆ. ಇಪ್ಪತ್ತು ಸೆಕೆಂಡಿನ ಮೇಲೆ, "ಏನಂದ್ಲು ಗೊತ್ತಾ?" ಅಷ್ಟು ಹೊತ್ತಿಗೆ ಕೇಳುವವರ ಕುತೂಹಲ ಎರಡರಷ್ಟಾಗಿರುತ್ತದೆ.

2025ರ ಸಂಕ್ರಾಂತಿಗೆ ಮುಂಚಿನ ವಾರ ನಾನು ಹೋದಾಗ ಚಿಕ್ಕಪ್ಪನ ಮಗಳು ಕ್ಯಾಲಿಫೋರ್ನಿಯಾದಿಂದ ಬಂದಿದ್ದಳು. ಅವಳಿಗೆ ಅಲ್ಲಿ ಕಂಪ್ಯೂಟರ್ ಕೆಲಸ ಎಂಬುದು ಮನೆಯವರಿಗೆ ಗೊತ್ತಿತ್ತು. ಶನಿವಾರ ಭಾನುವಾರ ಪ್ಯಾರಾಶೂಟು ಕಟ್ಟಿಕೊಂಡು ವಿಮಾನದಿಂದ ಹಾರುತ್ತಾಳೆ ಎಂಬುದೂ ಗೊತ್ತಾಗಿ ಒಂದಷ್ಟು ಅಳು, ಮುನಿಸು ಎಲ್ಲ ಮುಗಿದಿತ್ತು. ಈ ಸಲ ಅವಳು ಹೊಸದೊಂದನ್ನು ಸೇರಿಸಿದಳು: ಬಿಸಿಗಾಳಿ ಬಲೂನಿನಿಂದಲೂ ಹಾರಿದ್ದಾಳಂತೆ. ಚಿಕ್ಕಮ್ಮನಿಗೆ ಇದು ಸ್ವಲ್ಪ ಸಮಾಧಾನ ತಂದ ಹಾಗೆ ಕಂಡಿತು. "ಬಲೂನು ಅಂದ್ರೆ ಮೆಲ್ಲಗೆ ಹೋಗತ್ತಲ್ಲ, ಪರವಾಗಿಲ್ಲ ಬಿಡು." ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.

ಅದು ಶುಕ್ರವಾರ. ಪಲ್ಲಾವರಂ ಸಂತೆಯ ದಿನ. ಈ ಸಂತೆಗೆ ಚೆನ್ನೈನ ಮೂಲೆಮೂಲೆಯಿಂದ ಜನ ಬರುತ್ತಾರೆ. ಹಳೆಯ ಮಿಕ್ಸಿ, ಕೈಕಾಲು ಕಳೆದುಕೊಂಡ ಕುರ್ಚಿ, ಜೋಡಿ ತಪ್ಪಿದ ಬೂಟು, ಪಾರಿವಾಳ, ಮೊಲದ ಮರಿ, ಗುಲಾಬಿ ಗಿಡ, ತರಕಾರಿ, ಯಾರದೋ ಮದುವೆಯ ಬೆಳ್ಳಿ ಬಣ್ಣದ ತಟ್ಟೆ, ಎಲ್ಲ ನೆಲದ ಮೇಲೆ. ಕೊಳ್ಳಲು ಬಂದವರಿಗಿಂತ ಮುಟ್ಟಿ ನೋಡಲು ಬಂದವರೇ ಜಾಸ್ತಿ. ನಮ್ಮ ಜೊತೆ ಪಕ್ಕದ ಮನೆಯ ಸುಬೇದಾರರೂ ಹೊರಟರು. ಚನ್ನರಾಯಪಟ್ಟಣದ ಕಡೆಯವರು, ಪ್ಯಾರಾಶೂಟ್ ರೆಜಿಮೆಂಟಿನಲ್ಲಿದ್ದವರು, ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಬಂದು ಇಲ್ಲೇ ನೆಲೆ ನಿಂತವರು. ಪಲ್ಲಾವರಂನಲ್ಲಿ ಕನ್ನಡ ಮಾತಾಡಲು ಸಿಗುವವರೆಂದರೆ ಚಿಕ್ಕಪ್ಪನಿಗೆ ಅವರು, ಅವರಿಗೆ ಚಿಕ್ಕಪ್ಪ.

ಒಬ್ಬ ವ್ಯಾಪಾರಿ ಹಸಿರು ನೈಲಾನ್ ಹಗ್ಗದ ಸುರುಳಿ ಎತ್ತಿ ತೋರಿಸಿ ಮಿಲಿಟರಿ ಪ್ಯಾರಾಶೂಟಿನದು ಎಂದ. ಸುಬೇದಾರರು ಕುಕ್ಕರಗಾಲಿನಲ್ಲಿ ಕೂತು ಹಗ್ಗದ ತುದಿಯನ್ನು ಉಗುರಿನಿಂದ ಬಿಡಿಸಿದರು. ಹೊರಗಿನ ನೇಯ್ಗೆಯ ಕೊಳವೆಯೊಳಗೆ ಇರಬೇಕಾದ ಬಿಳಿ ಎಳೆಗಳು ಇರಲಿಲ್ಲ. ಒಳಗೆಲ್ಲ ಹಿಂಜಿದ ಪ್ಲಾಸ್ಟಿಕ್ಕು. ಹಗ್ಗವನ್ನು ಸುತ್ತಿ, ಮೊದಲಿದ್ದ ಹಾಗೇ ಗಂಟು ಹಾಕಿ, ಗೌರವದಿಂದಲೇ ಹಿಂದಕ್ಕೆ ಕೊಟ್ಟರು. "ಬಟ್ಟೆ ಒಣಗಾಕೋಕೆ ಚೆನ್ನಾಗಿರ್ತದೆ ಕಣಮ್ಮ," ಎಂದರು ನನ್ನ ತಂಗಿಗೆ. ಅವಳೂ ಅದೇ ಜಾಗವನ್ನು ಉಗುರಿನಿಂದ ಒತ್ತಿ ನೋಡಿದ್ದನ್ನು ಗಮನಿಸಿದೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹುಟ್ಟಿದ್ದು ಅಲ್ಲೇ ಇರಬೇಕು.

ಈ ಊರಿನ ನೆಲಕ್ಕೆ ಒಂದು ಹೆಸರಿದೆ, ಆಕಾಶಕ್ಕೆ ಇನ್ನೊಂದು. ನೆಲದ ಹೆಸರು ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಇಲ್ಲಿನ ದಂಡಿನ ಮೈದಾನದ ಹತ್ತಿರ ಜಂಬುಮಣ್ಣು ಅಗೆದಿದ್ದ ಗುಂಡಿಯೊಂದರಲ್ಲಿ ಅವನಿಗೆ ಒಂದು ಕಲ್ಲಿನ ಕೈಗೊಡಲಿ ಸಿಕ್ಕಿತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದ ಎಂದು ತೋರಿಸಿಕೊಟ್ಟ ಕಲ್ಲು. ಅದೇ ಫೂಟ್ ಆಮೇಲೆ ನಮ್ಮ ಬಳ್ಳಾರಿಯ ಗುಡ್ಡಗಳನ್ನೆಲ್ಲ ಅಲೆದು ಸಂಗನಕಲ್ಲಿನ ಕಲ್ಲುಪಕರಣಗಳನ್ನು ಲೋಕಕ್ಕೆ ತೋರಿಸಿದವನು. ಪಲ್ಲಾವರಂನ ಗುಡ್ಡದ ಮೇಲೆ ಪಲ್ಲವರ ಕಾಲದ ಗುಹಾಲಯವೊಂದಿದೆ, ಈಗ ದರ್ಗಾ. ಅಲ್ಲಿಗೆ ಹತ್ತಿ ನಿಂತರೆ ರನ್‌ವೇ ಕಾಣುತ್ತದೆ.

ಆಕಾಶದ ಹೆಸರು ಜಾಕೋಮೊ ದಾಂಜೆಲಿಸ್. ಕಾರ್ಸಿಕಾ ದ್ವೀಪದವನು, ವೃತ್ತಿಯಿಂದ ಮಿಠಾಯಿ ಮಾಡುವವನು, ಮೌಂಟ್ ರೋಡಿನಲ್ಲಿ ಹೋಟೆಲಿಟ್ಟು ಮದರಾಸಿನ ದೊರೆಗಳಿಗೆ ಊಟ ಹಾಕಿ ದುಡ್ಡು ಮಾಡಿದವನು. 1909ರ ಜುಲೈಯಲ್ಲಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಸುದ್ದಿ ಬಂದದ್ದೇ ತಡ, ಇವನ ತಲೆಗೂ ಅದು ಹೊಕ್ಕಿತು. ತಾನೇ ನಕ್ಷೆ ಬರೆದು, ಸಾರೋಟು ಕಟ್ಟುತ್ತಿದ್ದ ಸಿಂಪ್ಸನ್ ಕಂಪನಿಯ ಕಾರ್ಖಾನೆಯಲ್ಲಿ ವಿಮಾನ ಮಾಡಿಸಿದ. ಅದನ್ನು ಹಾರಿಸಿ ನೋಡಿದ್ದು ಪಲ್ಲಾವರಂನಲ್ಲಿ. ಆಮೇಲೆ 1910ರ ಮಾರ್ಚಿನಲ್ಲಿ ಐಲ್ಯಾಂಡ್ ಮೈದಾನದಲ್ಲಿ ಟಿಕೇಟಿಟ್ಟು ಜನರಿಗೆ ತೋರಿಸಿದ. ದೇಶದಲ್ಲಿ ವಿಮಾನ ಹಾರಿಸಿದವರಲ್ಲಿ ಅವನೇ ಮೊದಲಿಗನೆಂದು ಮದರಾಸಿನ ಚರಿತ್ರೆ ಬರೆಯುವವರು ಹೇಳುತ್ತಾರೆ. ಹೋಟೆಲಿನವನೊಬ್ಬ ವಿಮಾನ ಕಟ್ಟಿದ್ದನ್ನು ಕೇಳಿ ಚಿಕ್ಕಪ್ಪ, "ಉಡುಪಿಯವರು ಮೌಂಟ್ ರೋಡಿಗೆ ಸ್ವಲ್ಪ ಮುಂಚೆ ಬಂದಿದ್ರೆ ಅದನ್ನೂ ಮಾಡಿಬಿಡ್ತಿದ್ರು," ಎಂದರು.

ಇಂಥ ಊರಿನಲ್ಲಿ ಇವತ್ತು ಬಿಸಿಗಾಳಿ ಬಲೂನು ಮೇಲೇಳುವುದು ಸಾಧ್ಯವೇ ಇಲ್ಲ. ವಿಮಾನ ನಿಲ್ದಾಣ ಕೂಗಳತೆಯಲ್ಲಿದೆ. ಲೇಸರ್ ದೀಪ, ಬೆಳಕಿನ ಬಲೂನು ಹಾರಿಸಬೇಡಿ ಎಂದು ಪೊಲೀಸರು ಆಗಾಗ ಆದೇಶ ಹೊರಡಿಸುತ್ತಿರುತ್ತಾರೆ. ಆದರೆ ಪಕ್ಕದ ಮೀನಂಬಾಕ್ಕಂನಿಂದ ಒಂದು ಬಲೂನು ಮಾತ್ರ ಹಕ್ಕಿನಿಂದ ಏರುತ್ತದೆ. ಹವಾಮಾನ ಇಲಾಖೆಯದು. ಪ್ರಪಂಚದ ಬೇರೆ ಕೇಂದ್ರಗಳ ಗಡಿಯಾರಕ್ಕೆ ಹೊಂದಿಸಿಕೊಂಡು, ರಬ್ಬರಿನ ಬಲೂನಿಗೆ ಪುಟ್ಟ ಉಪಕರಣದ ಡಬ್ಬಿ ಕಟ್ಟಿ ಬಿಡುತ್ತಾರೆ. ಅದು ಉಷ್ಣತೆ, ತೇವ, ಗಾಳಿಯ ದಿಕ್ಕು ಎಲ್ಲವನ್ನೂ ರೇಡಿಯೊದಲ್ಲಿ ಹೇಳುತ್ತ ಏರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ಬಲೂನು ಹಿಗ್ಗುತ್ತದೆ, ಸುಮಾರು ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಒಡೆದುಹೋಗುತ್ತದೆ. ಡಬ್ಬಿ ಬೀಳುವಾಗ ಯಾರ ತಲೆಗೂ ಏಟಾಗದಿರಲೆಂದು ಇಂಥ ಬಲೂನುಗಳಿಗೆ ಒಂದು ಪುಟ್ಟ ಪ್ಯಾರಾಶೂಟು ಕಟ್ಟುವುದುಂಟು. ಅಂದರೆ ಬಲೂನಿನಲ್ಲಿ ಏರಿ ಪ್ಯಾರಾಶೂಟಿನಲ್ಲಿ ಇಳಿಯುವ ಕಸುಬು ಇಲ್ಲಿ ದಿನವೂ ನಡೆದೇ ಇದೆ. ಮನುಷ್ಯ ಮಾತ್ರ ಇರುವುದಿಲ್ಲ.

ಆ ಸಂಜೆ ತಾರಸಿಯ ಮೇಲೆ ಕೂತಿದ್ದಾಗ ಸುಬೇದಾರರು ಶುರು ಮಾಡಿದರು. "ವಿಮಾನದಿಂದ ಹಾರೋದು ನಂಗೊತ್ತು. ಬಲೂನಿಂದ ಹಾರೋದು ಹೆಂಗಿರ್ತದೆ, ಹೇಳವ್ವ."

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಒಂದು ವಿಮಾನ ಇಳಿಯುತ್ತಿತ್ತು.

"ಅಂಕಲ್, ನೀವು ಹಾರುವಾಗ ಮೊದಲು ಏನಾಗ್ತಿತ್ತು?"

"ಗಾಳಿ ಹೊಡೀತದೆ. ಬಾಗಿಲಲ್ಲಿ ಕಾಲಿಟ್ರೆ ಸಾಕು, ಎಳ್ಕೊಂಡು ಹೋಗ್ತದೆ."

"ಅದೇ. ಬಲೂನಲ್ಲಿ ಆ ಗಾಳಿ ಇಲ್ಲ."

ಇದು ನನಗೆ ಕೂಡಲೇ ಹಿಡಿಸಲಿಲ್ಲ. ಐದು ಸಾವಿರ ಅಡಿ ಮೇಲೆ ಗಾಳಿ ಇಲ್ಲ ಎಂದರೆ ಹೇಗೆ? ಅವಳು ಬಿಡಿಸಿ ಹೇಳಿದಳು. ಬಲೂನಿಗೆ ಎಂಜಿನ್ನಿಲ್ಲ, ಚುಕ್ಕಾಣಿಯಿಲ್ಲ. ಗಾಳಿ ಯಾವ ವೇಗದಲ್ಲಿ ಹೋಗುತ್ತಿದೆಯೋ ಅದೇ ವೇಗದಲ್ಲಿ ಬಲೂನೂ ಹೋಗುತ್ತಿರುತ್ತದೆ. ಹಾಗಾಗಿ ಬುಟ್ಟಿಯಲ್ಲಿ ನಿಂತವರಿಗೆ ತಲೆಗೂದಲೂ ಅಲುಗುವುದಿಲ್ಲ. ಅಲ್ಲಿ ಕರ್ಪೂರ ಹಚ್ಚಿದರೂ ಆರುವುದಿಲ್ಲ. ಬರ್ನರ್ ಉರಿಯುವಾಗ ಕಿವಿ ಗಡಚಿಕ್ಕುವ ಸದ್ದು, ನೆತ್ತಿಯ ಮೇಲೆ ಒಲೆಯ ಶಾಖ. ಅದನ್ನು ನಿಲ್ಲಿಸಿದರೆ ಒಮ್ಮೆಲೇ ಏನೂ ಇಲ್ಲ. ಏರುವಾಗ ಕೆಳಗಿನ ತೋಟದಲ್ಲಿ ನಾಯಿ ಬೊಗಳಿದ್ದು, ಯಾರೋ ಗೇಟು ಹಾಕಿದ್ದು ಕೇಳಿಸುತ್ತಿತ್ತಂತೆ.

ಸ್ಕೈಡೈವಿಂಗ್ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಗಾಳಿಯನ್ನು ಹಿಡಿದುಕೊಳ್ಳುವುದನ್ನು. ವಿಮಾನ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ಹೊರಗೆ ಹಾರಿದವನಿಗೂ ಆ ವೇಗ ಇರುತ್ತದೆ. ಎದುರಿಂದ ಗಾಳಿ ಮೈಗೆ ಒತ್ತುತ್ತದೆ. ಎದೆ ಮುಂದೆ ಮಾಡಿ, ಬೆನ್ನು ಕಮಾನಾಗಿಸಿ, ಕೈ ಚಾಚಿದರೆ ಆ ಗಾಳಿಯ ಮೇಲೆ ಮಲಗಬಹುದು. ಅಂಗೈ ಸ್ವಲ್ಪ ತಿರುಗಿಸಿದರೆ ಮೈಯೇ ತಿರುಗುತ್ತದೆ. ಅಡ್ಡ ವೇಗ ನಿಧಾನಕ್ಕೆ ಇಳಿಯುತ್ತಿರುವಾಗಲೇ ಬೀಳುವ ವೇಗ ಏರುತ್ತ ಹೋಗುತ್ತದೆ. ವಿಮಾನದಿಂದ ಹಾರಿದವರಲ್ಲಿ ಬಹಳ ಜನ ಹೊಟ್ಟೆ ತೊಳಸಲಿಲ್ಲ, ಬಿದ್ದ ಹಾಗೇ ಅನಿಸಲಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಬಲೂನಿನ ಬುಟ್ಟಿಯಿಂದ ಕೈ ಬಿಟ್ಟ ಕ್ಷಣದಲ್ಲಿ ವೇಗ ಸೊನ್ನೆ. ಮೊದಲ ಸೆಕೆಂಡಿನಲ್ಲಿ ಬೀಳುವುದು 16 ಅಡಿ. ಎರಡನೆಯದು ಮುಗಿಯುವ ಹೊತ್ತಿಗೆ ಅರವತ್ತು ಅಡಿಯ ಆಸುಪಾಸು. ಮೈಯನ್ನು ಎತ್ತಿಹಿಡಿಯುವಷ್ಟು ಗಾಳಿ ಹುಟ್ಟಲು ಇನ್ನೂ ಕೆಲವು ಸೆಕೆಂಡು ಬೇಕು. ಅಲ್ಲಿಯವರೆಗೆ ಕೈ ಚಾಚಿದರೂ ಕಾಲು ಮಡಚಿದರೂ ಏನೂ ಆಗುವುದಿಲ್ಲ, ಕಲಿತ ವಿದ್ಯೆಯೆಲ್ಲ ದಂಡ. ಹೊರಡುವಾಗ ಮೈ ಸ್ವಲ್ಪ ವಾಲಿದ್ದರೆ ವಾಲುತ್ತಲೇ ಹೋಗುತ್ತದೆ, ತಡೆಯುವ ಉಪಾಯವಿಲ್ಲ. ಗಾಬರಿಯಾಗಿ ಕೈಕಾಲು ಬಡಿದವರು ಗಾಳಿ ಬಂದಾಗ ಅಂಗಾತವಾಗಿಯೋ ತಲೆಕೆಳಗಾಗಿಯೋ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಬಲೂನಿನಿಂದ ಒಂಟಿಯಾಗಿ ಹಾರಲು ಅನುಭವಸ್ಥರನ್ನಷ್ಟೇ ಬಿಡುವ ವಾಡಿಕೆ.

"ಹೊಟ್ಟೆ?" ಎಂದು ಕೇಳಿದೆ.

"ಹೊಟ್ಟೆ ಬುಟ್ಟಿಯಲ್ಲೇ ಉಳೀತು ಅಣ್ಣ. ಕತ್ತಲೆಯಲ್ಲಿ ಮೆಟ್ಟಿಲಿದೆ ಅಂತ ಕಾಲಿಡ್ತೀವಿ, ಇರಲ್ಲ ನೋಡು, ಆಗ ಒಂದು ಝಲ್ ಅನ್ನತ್ತಲ್ಲ. ಅದು ಬಂದು ಹೋಗಿಬಿಡತ್ತೆ ಅಲ್ವಾ? ಇಲ್ಲಿ ಹೋಗೋದೇ ಇಲ್ಲ. ಒಂದು, ಎರಡು, ಮೂರು, ನಾಲ್ಕು. ಅದೇ ಇರತ್ತೆ."

"ಸದ್ದು?"

"ಮೊದಲು ಏನೂ ಇಲ್ಲ. ನನ್ನ ಉಸಿರು ಹೆಲ್ಮೆಟ್ಟಿನೊಳಗೆ ಕೇಳ್ತಿತ್ತು. ಆಮೇಲೆ ತೋಳಿನ ಬಟ್ಟೆ ಪಟಪಟ ಅನ್ನೋಕೆ ಶುರುವಾಯ್ತು. ಆ ಪಟಪಟ ಕೇಳಿದಾಗ ಎಷ್ಟು ಖುಷಿಯಾಯ್ತು ಅಂದ್ರೆ! ಗಾಳಿ ಬಂತಲ್ಲ ಅಂತ."

ಗಾಳಿ ಬಂದ ಮೇಲಿನ ಕಥೆ ಎಲ್ಲ ಸ್ಕೈಡೈವಿಂಗಿನ ಹಾಗೇ. ಹತ್ತು ಹನ್ನೆರಡು ಸೆಕೆಂಡಿಗೆ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗ ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. ಅವಳು ಹದಿನೈದು ಸೆಕೆಂಡಿನೊಳಗೆ ಪ್ಯಾರಾಶೂಟು ಬಿಚ್ಚಿದ್ದಳು. ಮಿಕ್ಕಿದ್ದನ್ನು ಅವಳೂ ಬೇಗ ದಾಟಿಬಿಟ್ಟಳು. ಹೇಳಬೇಕೆಂದು ಅವಳಿಗಿದ್ದದ್ದು ಆ ಮೊದಲ ನಾಲ್ಕು ಸೆಕೆಂಡು, ಮತ್ತೆ ಅದಕ್ಕೂ ಹಿಂದಿನ ಒಂದು ನಿಮಿಷ.

ಆ ನಿಮಿಷದ ಬಗ್ಗೆ ಸುಬೇದಾರರೇ ಕೆದಕಿದರು. ಅವರ ಕಾಲದ ತರಬೇತಿ ಆಗ್ರಾದಲ್ಲಿ. ಅಲ್ಲಿನ ಮಾಲ್‌ಪುರ ಬಯಲಿನ ಮೇಲೆ ಸಾವಿರ, ಸಾವಿರದಿನ್ನೂರು ಅಡಿಯಿಂದ ಇಳಿಯುವುದು. ಐದು ಸಲ ಹಾರಿದರೆ ಎದೆಗೆ ರೆಕ್ಕೆ. ವಿಮಾನದೊಳಗೆ ಎಲ್ಲರೂ ಸಾಲಾಗಿ ನಿಂತು, ತಲೆಯ ಮೇಲಿನ ತಂತಿಗೆ ಕೊಕ್ಕೆ ಹಾಕಿಕೊಂಡಿರುತ್ತಾರೆ. ಕೆಂಪು ದೀಪ, ಹಸಿರು ದೀಪ, "ಗೋ!" ಎಂಬ ಕೂಗು. ಹಿಂದಿನವನು ಮುಂದಿನವನನ್ನು ತಳ್ಳುತ್ತಿರುತ್ತಾನೆ, ಮುಂದಿನವನನ್ನು ಗಾಳಿ ಎಳೆಯುತ್ತದೆ. ಪ್ಯಾರಾಶೂಟನ್ನೂ ಆ ಕೊಕ್ಕೆಯೇ ಬಿಚ್ಚುತ್ತದೆ. "ಯೋಚ್ನೆ ಮಾಡೋಕೆ ಟೈಮೆಲ್ಲಿ? ನಾನು ಹಾರ್ದೆ ಅಂತ ಹೇಳ್ತೀನಿ. ನಿಜ ಹೇಳ್ಬೇಕು ಅಂದ್ರೆ ನಮ್ಮನ್ನ ಇಳಿಸ್ತಿದ್ರು."

ಬ್ರಿಟಿಷ್ ಸೈನ್ಯ ತನ್ನ ಪ್ಯಾರಾ ಸೈನಿಕರಿಗೆ ಬಲೂನಿನಿಂದಲೇ ಪಾಠ ಶುರು ಮಾಡುತ್ತಿತ್ತು ಎಂದು ಅವರಿಗೆ ಗೊತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಿಂದ 1990ರ ದಶಕದವರೆಗೂ ಅದು ನಡೆದಿದೆ. ನೆಲಕ್ಕೆ ತಂತಿಯಿಂದ ಕಟ್ಟಿದ ದೊಡ್ಡ ಬಲೂನು, ಅದರ ಕೆಳಗೆ ತೂಗುವ ಪಂಜರ, ಎಂಟುನೂರು ಅಡಿಯವರೆಗೆ ಏರಿಸುವುದು. ಖರ್ಚು ಕಡಿಮೆ. ಆದರೆ ವಿಮಾನದಿಂದ ಹಾರಲು ಹೆದರದವರೂ ಆ ಪಂಜರವನ್ನು ಕಂಡರೆ ಮುಖ ಹುಳಿ ಮಾಡುತ್ತಿದ್ದರಂತೆ. ಸದ್ದಿಲ್ಲ, ಗಾಳಿಯಿಲ್ಲ, ನೆಲ ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಿ ಚಹಾ ಕುಡಿಯುತ್ತ ನಿಂತವರೂ ಕಾಣುತ್ತಾರೆ.

ನೋಡಿದರೆ ಪ್ಯಾರಾಶೂಟು ಬೆಳೆದದ್ದೇ ಬಲೂನಿನ ಬುಡದಲ್ಲಿ. ವಿಮಾನ ಬರುವುದಕ್ಕೆ ನೂರು ವರ್ಷಕ್ಕೂ ಮುಂಚೆ, 1797ರ ಅಕ್ಟೋಬರ್ 22ರಂದು, ಪ್ಯಾರಿಸ್ಸಿನ ಮೊನ್ಸೊ ಉದ್ಯಾನದ ಮೇಲೆ ಗಾರ್ನೆರಾಂ ಎಂಬಾತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ ಬಲೂನಿನ ಹಗ್ಗ ಕತ್ತರಿಸಿಕೊಂಡು ರೇಷ್ಮೆಯ ಕೊಡೆಯಲ್ಲಿ ಇಳಿದ. ಅದರ ನೆತ್ತಿಯಲ್ಲಿ ಗಾಳಿ ಹೊರಹೋಗಲು ತೂತಿರಲಿಲ್ಲವಾದ್ದರಿಂದ ಇಡೀ ದಾರಿ ಭಯಂಕರವಾಗಿ ತೂಗಾಡಿದ. ಆದರೆ ಅವನು ಬುಟ್ಟಿ ಬಿಟ್ಟು ಹಾರಲಿಲ್ಲ. ತಾನು ನಿಂತ ಬುಟ್ಟಿಯ ಸಮೇತ ಬಿದ್ದ. ಇದು ನನಗೆ ಯಾವಾಗಲೂ ಸ್ವಲ್ಪ ಮೋಸ ಅನಿಸಿದೆ.

ನಮ್ಮಲ್ಲಿ ಬಲೂನಿನಿಂದ ಹಾರುವ ಧೈರ್ಯ ಮೊದಲು ಮಾಡಿದವನು ಕಲ್ಕತ್ತೆಯ ವ್ಯಾಯಾಮಪಟು ರಾಮಚಂದ್ರ ಚಟರ್ಜಿ. ಇಂಗ್ಲೆಂಡಿನಿಂದ ಬಂದಿದ್ದ ಪರ್ಸಿವಲ್ ಸ್ಪೆನ್ಸರ್ ಎಂಬ ಬಲೂನುಗಾರನ ಜೊತೆ 1889ರಲ್ಲಿ ಮೇಲೇರಿ, ಆ ಮೇಲೆ ಒಬ್ಬನೇ ಏರಿ, 1890ರಲ್ಲಿ ಪ್ಯಾರಾಶೂಟಿನಿಂದ ಇಳಿದ. ನಾನು ಇದನ್ನು ಹೇಳಿದಾಗ ಸುಬೇದಾರರು ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಮೊದಲಿಗರು 1941ರಲ್ಲಿ ಹಾರಿದ ವೈದ್ಯಾಧಿಕಾರಿ ಎ. ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ರಂಗರಾಜ್ ಮುಂದೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸಿನ ಮುಖ್ಯಸ್ಥರಾಗಿದ್ದವರು. "ನಿಮ್ಮ ಚಟರ್ಜಿ ಟಿಕೇಟಿಗೆ ಹಾರ್ದ ಸಾರ್, ಇವರು ಡ್ಯೂಟಿಗೆ." ಇಬ್ಬರನ್ನೂ ಮೊದಲಿಗರೆಂದೇ ಇಟ್ಟುಕೊಂಡೆವು.

ಮೀನಂಬಾಕ್ಕಂನ ಹವಾಮಾನದ ಬಲೂನು ಒಡೆಯುವ ಎತ್ತರದಿಂದಲೇ ಮನುಷ್ಯನೊಬ್ಬ ಹಾರಿದ್ದೂ ಉಂಟು. ಅಮೆರಿಕದ ವಾಯುಪಡೆಯ ಜೋಸೆಫ್ ಕಿಟಿಂಜರ್, 1960ರ ಆಗಸ್ಟ್ 16ರಂದು, ಹೀಲಿಯಂ ಬಲೂನಿನಲ್ಲಿ 1,02,800 ಅಡಿ ಏರಿ ಕಾಲು ಹೊರಗಿಟ್ಟ. ಅಷ್ಟು ಮೇಲೆ ಗಾಳಿಯೇ ಇಲ್ಲದಷ್ಟು ತೆಳು. ಬೀಳುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯಲಿಲ್ಲವಂತೆ. ಮೈ ತಿರುಗಿಸಿ ನೋಡಿದಾಗ ಬಲೂನೇ ತನ್ನನ್ನು ಬಿಟ್ಟು ಮೇಲಕ್ಕೆ ಓಡುತ್ತಿರುವಂತೆ ಕಂಡಿತಂತೆ. ನನ್ನ ತಂಗಿಯ ಗಾಳಿಯಿಲ್ಲದ ನಾಲ್ಕು ಸೆಕೆಂಡನ್ನು ಅವನು ಬಹಳ ಹೊತ್ತು ಅನುಭವಿಸಿದ ಅನ್ನಬೇಕು. 2012ರ ಅಕ್ಟೋಬರ್ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ ಹಾರಿ ಶಬ್ದದ ವೇಗವನ್ನೇ ಮೀರಿದ ಫೆಲಿಕ್ಸ್ ಬಾಮ್‌ಗಾರ್ಟ್‌ನರ್‌ಗೆ ನೆಲದಿಂದ ರೇಡಿಯೊದಲ್ಲಿ ಧೈರ್ಯ ಹೇಳುತ್ತಿದ್ದವನೂ ಇದೇ ಕಿಟಿಂಜರ್, ಆಗ ಎಂಬತ್ತು ದಾಟಿದ ಮುದುಕ. ಬಾಮ್‌ಗಾರ್ಟ್‌ನರ್ 2025ರ ಜುಲೈಯಲ್ಲಿ ಇಟಲಿಯಲ್ಲಿ ಪ್ಯಾರಾಗ್ಲೈಡಿಂಗ್ ಮಾಡುವಾಗ ತೀರಿಕೊಂಡ.

ಮಾರನೆಯ ದಿನ ನಾವು ತಿರುವಿಡಂದೈಗೆ ಹೊರಟೆವು. ತಮಿಳುನಾಡಿನ ಅಂತರರಾಷ್ಟ್ರೀಯ ಬಲೂನು ಉತ್ಸವ 2015ರಿಂದ ಪೊಂಗಲ್ ಹೊತ್ತಿಗೆ ಪೊಳ್ಳಾಚಿಯಲ್ಲಿ ನಡೆಯುತ್ತಿತ್ತು. ಆ ವರ್ಷ ಜನವರಿ 10ರಿಂದ ಮೂರು ದಿನ ಚೆನ್ನೈಗೂ ಬಂದಿತ್ತು. ಪಲ್ಲಾವರಂನಿಂದ ತೊರೈಪಾಕ್ಕಂ ರೇಡಿಯಲ್ ರೋಡು ಹಿಡಿದರೆ ದಾರಿಯಲ್ಲಿ ಪಳ್ಳಿಕರಣೈ ಜವುಗು ಸಿಗುತ್ತದೆ. ಒಂದು ಕಡೆ ಕಸದ ಗುಡ್ಡ, ಇನ್ನೊಂದು ಕಡೆ ನೀರಿನಲ್ಲಿ ಒಂಟಿಕಾಲಿನ ಹಕ್ಕಿಗಳು, ಮೇಲೆ ಗಾಜಿನ ಕಟ್ಟಡಗಳು. ಆಮೇಲೆ ಕಡಲತೀರದ ಇಸಿಆರ್, ಕೋವಳಂ, ತಿರುವಿಡಂದೈ. ಅಲ್ಲಿನ ನಿತ್ಯಕಲ್ಯಾಣ ಪೆರುಮಾಳ್ ಗುಡಿಗೆ ಮದುವೆಯಾಗದವರು ಹಾರ ಹಿಡಿದುಕೊಂಡು ಬರುತ್ತಾರೆ. ಚಿಕ್ಕಮ್ಮ ನಮ್ಮ ಜೊತೆ ಬಂದದ್ದು ಬಲೂನಿಗಾಗಿ ಅಲ್ಲ ಎಂದು ಅಲ್ಲಿ ಗೊತ್ತಾಯಿತು. ತಂಗಿ ಹಾರ ಹಾಕಿಸಿಕೊಂಡು ಪ್ರದಕ್ಷಿಣೆಯನ್ನೂ ಹಾಕಿದಳು. ಅಷ್ಟೊಂದು ಧೈರ್ಯದವಳು ತಾಯಿಯೆದುರು ಮಾತಾಡಲಿಲ್ಲ.

ಸಂಜೆಯ ಬಯಲಿನಲ್ಲಿ ಬಲೂನುಗಳನ್ನು ಹಾಸಿದ್ದರು. ನೆಲದ ಮೇಲೆ ಸತ್ತ ಹಾಗೆ ಬಿದ್ದಿರುವ ಬಟ್ಟೆ. ಮೊದಲು ದೊಡ್ಡ ಫ್ಯಾನಿನಿಂದ ತಣ್ಣನೆಯ ಗಾಳಿ ತುಂಬುತ್ತಾರೆ. ಬಾಯಿ ಹಿಡಿದು ನಿಂತ ಹುಡುಗರ ತೋಳು ನಡುಗುತ್ತಿತ್ತು. ಅರ್ಧ ಉಬ್ಬಿದ ಮೇಲೆ ಅಡ್ಡಕ್ಕೆ ಮಲಗಿಸಿದ ಬುಟ್ಟಿಯಿಂದ ಬರ್ನರ್ ಹಚ್ಚಿದರು. ನೀಲಿ ಜ್ವಾಲೆ ಬಟ್ಟೆಯ ಗುಹೆಯೊಳಗೆ ಆಳೆತ್ತರ ನುಗ್ಗಿತು, ಬೆಂಕಿಯ ಶಾಖಕ್ಕೆ ನಾವೆಲ್ಲ ಮುಖ ತಿರುಗಿಸಿದೆವು. ಒಳಗಿನ ಗಾಳಿ ನೂರು ಡಿಗ್ರಿಯ ಹತ್ತಿರಕ್ಕೆ ಬರಬೇಕು. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ, ಸುತ್ತಲಿನ ತಣ್ಣನೆ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಹೊರಗೆ ತಂಪಿದ್ದಷ್ಟೂ ಒಳ್ಳೆಯದು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಸುಳಿಗಳು ಬಲೂನನ್ನು ಕುಣಿಸುತ್ತವೆ. ಅದಕ್ಕೇ ಈ ಆಟವೆಲ್ಲ ಮುಂಜಾನೆ, ಇಲ್ಲವೇ ಹೊತ್ತು ಮುಳುಗುವಾಗ. ತಂಗಿ ಬಲೂನಿನ ನೆತ್ತಿಯ ಕಡೆ ಬೆರಳು ಮಾಡಿದಳು. ಅಲ್ಲಿ ಒಂದು ದುಂಡನೆಯ ಬಟ್ಟೆ, ಒಳಗಿನ ಗಾಳಿಯ ಒತ್ತಡದಿಂದಲೇ ತೂತಿಗೆ ಅಂಟಿಕೊಂಡಿರುತ್ತದೆ. ಹಗ್ಗ ಎಳೆದರೆ ಕೆಳಗೆ ಸರಿದು ಬಿಸಿಗಾಳಿ ಹೊರಬಿಡುತ್ತದೆ. ಬಲೂನಿನವರು ಅದನ್ನು ಕರೆಯುವುದೇ ಪ್ಯಾರಾಶೂಟ್ ವಾಲ್ವ್ ಎಂದು.

ಸಮುದ್ರದ ಗಾಳಿ ಇದ್ದುದರಿಂದ ನಾವು ಹೋದ ಹೊತ್ತಿಗೆ ಹಗ್ಗ ಕಟ್ಟಿಯೇ ಏರಿಸುತ್ತಿದ್ದರು. ಮರದೆತ್ತರಕ್ಕೆ ಹೋಗಿ ಇಳಿಯುವುದು. ಸಾಲು ಉದ್ದ ಇತ್ತು. ಸುಬೇದಾರರು ಸಾಲಿನಲ್ಲಿ ನಿಲ್ಲದೆ ಬುಟ್ಟಿಯ ಸುತ್ತ ಒಂದು ಸುತ್ತು ಬಂದರು. ಬೆತ್ತದ ಹೆಣಿಗೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬುಟ್ಟಿ ನೆಲಕ್ಕೆ ಬಡಿದಾಗ ಬೆತ್ತ ಮುರಿಯದೆ ಬಾಗುತ್ತದೆ, ಇನ್ನೂರು ವರ್ಷವಾದರೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಬದಿಯಲ್ಲಿ ಕಾಲಿಟ್ಟು ಹತ್ತಲು ಎರಡು ತೂತು. ಅಂಚು ಅವರ ಎದೆಯ ಮಟ್ಟಕ್ಕಿತ್ತು, ಚರ್ಮ ಸುತ್ತಿದ ದಪ್ಪ ಅಂಚು. ಅವರು ಅದರ ಮೇಲೆ ಎರಡೂ ಅಂಗೈ ಇಟ್ಟು ನಿಂತರು.

"ಇದಕ್ಕೆ ಬಾಗಿಲೇ ಇಲ್ಲವಲ್ಲಮ್ಮ."

"ಇಲ್ಲ ಅಂಕಲ್. ಹತ್ತಬೇಕು."

"ಅಂದ್ರೆ ಈ ಕಡೆಯಿಂದ ಆ ಕಡೆಗೆ?"

"ಹೂಂ. ಅಂಚಿನ ಮೇಲೆ ಕೂತು, ಒಂದು ಕಾಲು ಹೊರಗೆ ಹಾಕಿ, ಆಮೇಲೆ ಇನ್ನೊಂದು. ಹೊರಗಡೆ ಈ ತೂತಿನಲ್ಲಿ ಕಾಲಿಟ್ಕೊಂಡು, ಅಂಚು ಹಿಡ್ಕೊಂಡು, ಪೈಲಟ್ ಮುಖ ನೋಡ್ಕೊಂಡು ನಿಲ್ಲೋದು. ಅವನು ತಲೆ ಅಲ್ಲಾಡಿಸ್ತಾನೆ. ಅಷ್ಟೇ."

"ಗೋ ಅನ್ನಲ್ವಾ?"

"ಅನ್ನಲ್ಲ. ನಾನು ರೆಡಿ ಆದಾಗ ನಾನೇ ಕೈ ಬಿಡಬೇಕು."

ಸುಬೇದಾರರು ಅಂಚಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಹಗ್ಗಗಳನ್ನು ಎಣಿಸಿದರು. ಆಮೇಲೆ ತಮ್ಮಷ್ಟಕ್ಕೆ ಎನ್ನುವ ಹಾಗೆ, "ಕೈ ಬಿಡೋಕೆ ಎಷ್ಟೊತ್ತಾಯ್ತು?" ಎಂದರು. ಇದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಬಹಳ ಹೊತ್ತು. ಬಲೂನು ಸುಮ್ಮನೆ ನಿಂತಿರತ್ತೆ ಅಂಕಲ್, ಅವಸರ ಮಾಡೋರು ಯಾರೂ ಇಲ್ಲ. ವಿಮಾನ ಆದ್ರೆ ಜಾಗ ದಾಟಿ ಹೋಗತ್ತೆ ಅನ್ನೋ ಭಯ ಇರತ್ತೆ. ಇಲ್ಲಿ ಬೇಡ ಅನ್ಸಿದ್ರೆ ಕಾಲು ಒಳಗೆ ಹಾಕ್ಕೋಬಹುದು. ಅದೇ ಕಷ್ಟ. ಅಂಚಿನ ಮೇಲಿನ ಒಂದು ಹೊಲಿಗೆ ಬಿಚ್ಚಿತ್ತು, ಅದನ್ನೇ ನೋಡ್ತಾ ಇದ್ದೆ."

ಪೈಲಟ್ಟಿಗೆ ಇದೆಲ್ಲ ಕನ್ನಡದಲ್ಲಿ ನಡೆಯುತ್ತಿರುವುದು ತಮಾಷೆಯಾಗಿ ಕಂಡಿರಬೇಕು. ಏನು ವಿಷಯ ಎಂದು ಕೇಳಿದ. ತಂಗಿ ಹೇಳಿದಳು. ಅವನ ಮುಖ ಸ್ವಲ್ಪ ಬದಲಾಯಿತು. ಅವನೂ ಬೇರೆ ದೇಶದಲ್ಲಿ ಹಾರುವವರನ್ನು ಮೇಲೆ ಒಯ್ದಿದ್ದನಂತೆ. ಆ ಕೆಲಸ ಪೈಲಟ್‌ಗಳಿಗೆ ಅಷ್ಟಾಗಿ ಇಷ್ಟವಿಲ್ಲ ಎಂದ. ಎಪ್ಪತ್ತು ಎಂಬತ್ತು ಕಿಲೋ ತೂಕ ಒಮ್ಮೆಲೇ ಬುಟ್ಟಿಯಿಂದ ಹೋದರೆ ಬಲೂನು ಥಟ್ಟನೆ ಮೇಲಕ್ಕೆ ನೆಗೆಯುತ್ತದೆ. ಅದಕ್ಕೇ ಮೊದಲೇ ಗಾಳಿ ತಣಿಯಲು ಬಿಟ್ಟು, ಬಲೂನು ಮೆಲ್ಲಗೆ ಇಳಿಯತೊಡಗಿದ ಮೇಲೆಯೇ ಒಬ್ಬೊಬ್ಬರನ್ನಾಗಿ ಬಿಡುವುದು. ಹಾರಿದವರಿಗೆ ಕೆಳಗೆ ಇಳಿಯಲು ಯಾವ ಹೊಲ ಎಂಬುದನ್ನೂ ಅವನೇ ನೋಡಬೇಕು, ಏಕೆಂದರೆ ಬಲೂನು ಹೋಗುವ ದಾರಿ ಗಾಳಿಯ ಕೈಯಲ್ಲಿ. ಅವರೆಲ್ಲ ಇಳಿದು ಕೇಕೆ ಹಾಕುತ್ತಿರುವಾಗ ಇವನು ಖಾಲಿ ಬುಟ್ಟಿಯಲ್ಲಿ ಒಬ್ಬನೇ ಹೋಗುತ್ತಿರುತ್ತಾನೆ, ಹಗುರಾದ ಬಲೂನು ಬೇಗ ಇಳಿಯುವುದೂ ಇಲ್ಲ.

ತಂಗಿ ಇದನ್ನೆಲ್ಲ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಸುಬೇದಾರರು ಕೊನೆಯ ಮಾತಿಗೆ ಜೋರಾಗಿ ತಲೆಯಾಡಿಸಿದರು. ವಿಮಾನದ ಬಾಗಿಲಲ್ಲಿ ನಿಂತು ಇಡೀ ಪ್ಲಟೂನನ್ನು ಕೆಳಗೆ ಕಳಿಸಿ, ತಾನು ಮಾತ್ರ ಆಗ್ರಾಕ್ಕೆ ವಾಪಸು ಹಾರುತ್ತಿದ್ದ ವಾಯುಪಡೆಯ ಸಾರ್ಜೆಂಟೊಬ್ಬನ ನೆನಪು ಅವರಿಗೆ ಬಂದಿತ್ತು.

ಅಷ್ಟರಲ್ಲಿ ನಮ್ಮ ಸರದಿ ಬಂತು. ಚಿಕ್ಕಮ್ಮ ಕೆಳಗೇ ಉಳಿದರು, ಪ್ರಸಾದದ ಹಾರ ಮೇಲೆ ಒಯ್ಯಬಾರದು ಎಂದರು. ಸುಬೇದಾರರು ಎರಡು ತೂತಿನಲ್ಲಿ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ, ಅಂಚನ್ನು ದಾಟಿ ಒಳಗೆ ಇಳಿದರು. ಬರ್ನರ್ ಗರ್ಜಿಸಿತು, ಬುಟ್ಟಿ ನೆಲ ಬಿಟ್ಟದ್ದೇ ತಿಳಿಯಲಿಲ್ಲ. ಸಮುದ್ರ ಕಂಡಿತು, ಗುಡಿಯ ಗೋಪುರ ಕಂಡಿತು, ಪಾರ್ಕಿಂಗಿನಲ್ಲಿ ಸಿಕ್ಕಿಕೊಂಡ ಕಾರುಗಳು ಕಂಡವು. ಹಗ್ಗ ಹಿಡಿದಿಟ್ಟದ್ದರಿಂದ ಸಮುದ್ರದ ಗಾಳಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು. "ಇದು ನಿಜವಾದ ಬಲೂನಲ್ಲ ಅಣ್ಣ, ಗಾಳಿ ಇದೆ," ಎಂದು ತಂಗಿ ಗೊಣಗಿದಳು.

ಸುಬೇದಾರರು ಪೈಲಟ್ಟಿನ ತೋಳು ಮುಟ್ಟಿ, ಸೈನ್ಯದ ಇಂಗ್ಲಿಷಿನಲ್ಲಿ, ತಮ್ಮ ತೂಕ ಅರವತ್ತೆರಡು ಕಿಲೋ, ತಾವು ಈಗ ಹಾರಿದರೆ ಬಲೂನು ಎಷ್ಟು ಅಡಿ ಮೇಲೆ ಹೋದೀತು ಎಂದು ಕೇಳಿದರು. ಪೈಲಟ್ ಕೆಳಗೆ ಬೆರಳು ಮಾಡಿ ತೋರಿಸಿದ. ಮೂರು ಹಗ್ಗ, ಮೂರು ಜೀಪು. ಎಲ್ಲಿಗೂ ಹೋಗುವುದಿಲ್ಲ ಎಂದ. "ಹಂಗಾದ್ರೆ ಬೇಡ ಬಿಡಿ," ಎಂದು ಸುಬೇದಾರರು ಫೋಟೋ ತೆಗೆಯಲು ಮೊಬೈಲನ್ನು ನನ್ನ ಕೈಗೆ ಕೊಟ್ಟರು.